ಸೊನ್ನೆ, ಮೂರು, ಐದು, ಆರು, ಒಂಬತ್ತು

ಬ್ಯಾಡಗಿ ಯಾರ್ಡಿನ ಎರಡನೇ ಗೇಟು. ತೂಕದ ಕಟ್ಟಿ ಮ್ಯಾಲ
ಮೆಣಸಿನಕಾಯಿ ಲಾರಿ ನಿಂತು ಮುಕ್ಕಾಲು ತಾಸು ಆತು.
ಗಾಜಿನೊಳಗ ಕೆಂಪು ಅಂಕಿ ಸ್ವಚ್ಛ ಕಾಣ್ತಾವ,
ಚೀಟಿ ಮ್ಯಾಲ ಮಾತ್ರ ಅರ್ಧ ಅಂಕಿ,
ಅರ್ಧ ಕಾಗಿಕಾಲು ಗುಬ್ಬಿಕಾಲು.

ಹೊಸ ಮೀಟರು ಬಂದು ಐದು ದಿನ ಆತಂತ.
ಚೀಟಿ ಬರಿಯೋ ಡಬ್ಬಿ ಹಳೇದು,
ಗೋಕುಲ ರೋಡಿನ ಶೆಡ್ಡಿನಾಗ ಮಿಸ್ಕಿನ್ ಸರ್ ಕೈಯಾರೆ ಕೂಡಿಸಿದ್ದು,
ಬೆಸುಗಿ ಇನ್ನೂ ಹೊಳೀತದ.
ಹುಬ್ಬಳ್ಳಿಯಿಂದ ಮೊದಲ ಬಸ್ಸಿಗೆ ನಾ ಬಂದೀನಿ,
ಚೀಲದಾಗ ಟೆಸ್ಟರು, ಸೋಲ್ಡರು, ಎರಡು ರೊಟ್ಟಿ.

"ಅಕ್ಕಾರ, ಕೇಬಲ್ ಎರಡ ಸಲ ಬದಲಿಸೇವ್ರಿ," ಅಂದ ಮಕ್ತುಂಸಾಬ.
ಮೂಗಿಗೆ ಟವೆಲ್ಲು ಹಿಡದು ಸೀನಿದ. ನಾನೂ ಸೀನಿದೆ.
ಇಲ್ಲಿ ಮಾತಿಗಿಂತ ಸೀನು ಮೊದಲು.

ಆಮ್ಯಾಲ ಅಂಗಿ ಕಿಸೆದಾಗಿಂದ ಒಂದು ಹಳೇ ರಸೀತಿ ತಗದ.
ಅದರ ಬೆನ್ನಿಗೆ ಪೆನ್ಸಿಲ್ಲಿನ ಎರಡು ಸಾಲು:
ಸಲೀಸು: ೦ ೩ ೫ ೬ ೯
ಸಿಟ್ಟು: ೧ ೨ ೪ ೭ ೮
"ಐದು ದಿನ ನೋಡೀನ್ರಿ. ಒಮ್ಮೆರ ತಪ್ಪಿಲ್ಲ.
ಒಂದಕ್ಕ ಯಾಕ ಸಿಟ್ಟು ಐತಿ, ಮೂರಕ್ಕ ಯಾಕಿಲ್ಲ,
ಅದು ನಿಮಗ ಗೊತ್ತು."

ರಸೀತಿ ಹಿಡಕೊಂಡು ಸುಮ್ಮನ ಕುಂತೆ.
ಡಬ್ಬಿ ಬಿಚ್ಚೂ ಮೊದಲೇ ರೋಗ ಗೊತ್ತಾಗಿತ್ತು.

ಹುಣಸಿಬೀಜ ಮುಷ್ಟಿಯೊಳಗ ಮುಚ್ಚಿ
ಸರಿಯೋ ಬೆಸೋ ಅಂತ ಕೇಳ್ತಿದ್ದಳು ನಮ್ಮ ಕಾಕು.
ತಂತಿಯೊಳಗೂ ಅದೇ ಆಟ.
ಹೊಸ ಮೀಟರು ಏಳೇ ಬಿಟ್ಟಿನಾಗ ಅಂಕಿ ಕಟ್ಟಿ
ಒಂದುಗಳನ್ನ ಎಣಸತದ; ಬೆಸ ಬಂದರ
ಎಂಟನೇ ಮನಿಯೊಳಗ ಇನ್ನೊಂದು ಬೀಜ ಇಡತದ,
ತೂಕಕ್ಕ ಸಂಬಂಧ ಇಲ್ಲದ್ದು, ಬರೇ ಸಾಕ್ಷಿಗೆ.
ಹಳೇ ಡಬ್ಬಿ ಸಾಕ್ಷೀನ್ನೂ ಅಂಕಿಯೊಳಗ ಸೇರಿಸಿ ಓದತದ.
ಪಾಪ, ಹಂಗ ಓದು ಅಂತ ಹೇಳಿಟ್ಟವರು ನಾವೇ.

ಮಿಸ್ಕಿನ್ ಸರ್ ಅಂತಿದ್ದರು: ಈ ಚಿಪ್ಪಿಗೆ ಬಾಗಿಲು ಒಂದೇ.
ಎದ್ದ ಕೂಡ್ಲೆ ಕೇಳಿದ ಮೊದಲ ಮಾತು ಅದರ ಸ್ವಭಾವ,
ಎರಡನೇದರಿಂದ ಮುಂದ ಎಲ್ಲಾ ಹುಕುಂ.
ಹುಕುಮಿನ ಹೊತ್ತಿನಾಗ ಸ್ವಭಾವ ಹೇಳಿದಿ, ಕೆಟ್ಟಿ.
ಅದು ಎಲ್ಲಿ ಅದ ಅಂತ ತಿಳೀಲಿಲ್ಲಂದ್ರ
ಮೂರು ಸಲ ಸೊನ್ನೆ ಬರಿ, ಆಮ್ಯಾಲ ನಲವತ್ತು,
ಕದ ಬಡದು ಒಳಗ ಹೋದಂಗ.

ಮುಚ್ಚಳ ತಗದು ಗುಂಡಿ ಒತ್ತಿದೆ.
ಸೊನ್ನೆ. ಸೊನ್ನೆ. ಸೊನ್ನೆ. ನಲವತ್ತು.
ಮೊದಲಿದ್ದದ್ದು ೦೧೦೦೧೧೧೦
ಈಗ ಬರದದ್ದು ೦೧೧೧೧೦೧೦
ಸಾಕ್ಷಿ ಅದ ಅನ್ನೋ ಮನಿಗೊಂದು ದೀಪ,
ಸರಿ ಬೇಕು ಅನ್ನೋ ಮನಿಗೊಂದು,
ಎಂಟಲ್ಲ ಏಳು ಅನ್ನಲಿಕ್ಕೆ ಒಂದು ಮನಿ ಕತ್ತಲ.
ಎಣಸಿದೆ: ಒಂದುಗಳು ಐದು. ಬೆಸ.
ಒಬ್ಬಾಕೀನೇ ನಕ್ಕೆ.
ಆಮ್ಯಾಲ ಹುಕುಂ: ಕಳಸು, ಕೇಳು, ಹಳೇ ತಪ್ಪು ಒರಸಿ ಹಾಕು.

ಪ್ರಿಂಟರು ಕರಗುಟ್ಟಿತು. ೧೨೭೪೦.
ಮಕ್ತುಂಸಾಬ ಚೀಟಿ ಬೆಳಕಿಗೆ ಹಿಡದು
ಒಂದು, ಎರಡು, ಏಳು, ನಾಕು,
ಒಂದೊಂದನ್ನೂ ಬೆರಳಿನಿಂದ ಮುಟ್ಟಿದ,
ಜ್ವರ ಇಳದದೋ ಇಲ್ಲೋ ನೋಡಿದಂಗ.
ಸೊನ್ನೆ ಮುಟ್ಟಲಿಲ್ಲ. ಅದರ ಮ್ಯಾಲ ಅನುಮಾನ ಎಂದೂ ಇದ್ದಿಲ್ಲ.

ಒಂದು ಮಾತು ನಾ ಅಂವಗ ಹೇಳಲಿಲ್ಲ:
ಹಾದಿಯೊಳಗ ಒಂದು ಬಿಟ್ಟು ಕೆಟ್ಟರ ಸಾಕ್ಷಿ ಕೂಗತದ,
ಎರಡು ಕೂಡೇ ಕೆಟ್ಟರ
ಲೆಕ್ಕ ಮತ್ತ ಸರಿ ಬಂದು ಸುಮ್ಮನಿರತದ.
ಹೇಳಬೇಕಿತ್ತೇನೋ.
ಲಾರಿಯಂವ ಹಾರ್ನ್ ಹೊಡದ.

ರಸೀತಿ ಕೇಳಿದೆ, ಇಟಗೋತೀನಿ ಅಂತ. ಕೊಡಲಿಲ್ಲ.
"ಇರಲ್ರಿ ಅಕ್ಕಾರ, ಮತ್ತ ಯಾವಾಗರ ಸಿಟ್ಟಾದರ"
ಅನ್ನೂದರೊಳಗ ಸೀನು ಬಂತು, ಮಾತು ಅಲ್ಲೇ ಉಳೀತು.