ಒಡಕು ದನಿ

ಮಾರ್ಚಿನ ಶನಿವಾರ. ವಿಸ್ಕಾನ್ಸಿನ್‌ನಲ್ಲಿ ಇನ್ನೂ
ಹಳಿಗಳ ನಡುವೆ ಕೊಳಕು ಹಿಮ.
ಶೆಡ್ಡಿನೊಳಗೆ ಇಪ್ಪತ್ತೊಂಬತ್ತನೇ ನಂಬರಿನ ಎಂಜಿನ್ನು
ಬೆಂಕಿಯಿಲ್ಲದೆ, ನೀರಿಲ್ಲದೆ
ಬಾಗಿಲು ತೆರೆದು ನಿಂತಿದೆ,
ಡಾಕ್ಟರ ಮುಂದೆ ಬಾಯಿ ಕಳೆದ ಮಗುವಿನಂತೆ ಅಲ್ಲ,
ಸುಮ್ಮನೆ, ಕಬ್ಬಿಣದಂತೆ.

ನಾನು ಮೂವತ್ತೆಂಟು ವರ್ಷ ಅಂಚೆ ವಿಂಗಡಿಸಿದವಳು.
ಇಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಪುಸ್ತಕ, ಒಂದು ಪೆನ್ಸಿಲ್ಲು.
ಸಾಲು, ಸಂಖ್ಯೆ, ಸರಿ, ಇಲ್ಲವೇ ಸತ್ತದ್ದು.
ಬಾಯ್ಲರಿನ ಎರಡು ಗೋಡೆ ಸಿಡಿದು ದೂರವಾಗದಂತೆ
ಹಿಡಿದಿಟ್ಟ ಬೋಲ್ಟುಗಳು ಒಂಬೈನೂರ ಹನ್ನೆರಡು.
ಒಂದೊಂದನ್ನೂ ಬಡಿದು ಕೇಳಬೇಕು
ಗಡಿಗೆ ತಟ್ಟಿ ಕೊಳ್ಳುವವರ ಹಾಗೆ.
ಗಟ್ಟಿ ಇದ್ದದ್ದು ಠಣ್ ಅನ್ನುತ್ತದೆ.
ಒಳಗೊಳಗೇ ಮುರಿದದ್ದು
ಮೇಲೆ ಏನೂ ಕಾಣಿಸದೆ
ಥಪ್.

ಡೆಲ್ಬರ್ಟ್ ನೈಗಾರ್ಡ್‌ಗೆ ಎಂಬತ್ತಮೂರು.
ಈ ಠಣ್‌ಗಳನ್ನು ಕೇಳಿ ಕೇಳಿಯೇ ಅವನ ಕಿವಿ ಹೋದವು.
ಈಗ ಹೊರಗೆ ಸ್ಟೂಲಿನ ಮೇಲೆ ಕೂತು
ಬೋಲ್ಟಿನ ಆಚೆ ತುದಿಗೆ ಅಂಗೈ ಇಡುತ್ತಾನೆ,
ಇಂಥ ಚಳಿಯಲ್ಲೂ ಕೈಗವಸಿಲ್ಲ.
ಒಳಗೆ ಬೆಂಕಿಗೂಡಿನಲ್ಲಿ ಹದಿನಾರರ ಪಾ ನಿಯಾ,
ಹಣೆಗೆ ದೀಪ, ಮೊಣಕಾಲಿಗೆ ಗೋಣಿ, ಕೈಯಲ್ಲಿ ಸುತ್ತಿಗೆ.
ಶಾಲೆಯವರು ಬರೆಸಿದ ನಲವತ್ತು ಗಂಟೆಯ ಸೇವೆಗೆಂದು ಬಂದವಳು.
ಅಕ್ಟೋಬರಿನಲ್ಲೇ ನಲವತ್ತು ಮುಗಿಯಿತು.
ಯಾರೂ ಅವಳಿಗೆ ನೆನಪು ಮಾಡಲಿಲ್ಲ.

ಆರನೇ ಸಾಲು, ಹದಿನೇಳು.
ಡೆಲ್ಬರ್ಟ್ ಹೆಬ್ಬೆರಳೆತ್ತಿದ: ಸರಿ.
ಒಳಗಿನಿಂದ ಅವಳು: ಸರಿಯಿಲ್ಲ.
ಅವನಿಗೆ ಕೇಳಲಿಲ್ಲ. ಬರೆದು ತೋರಿಸಿದೆ.
ಮತ್ತೆ ಬಡಿದಳು. ಮತ್ತೆ ಹೆಬ್ಬೆರಳು.
ಬೋಗಿಯ ಬಣ್ಣ ಕೆರೆಯುತ್ತಿದ್ದ ಲೋಥರ್ ಕೆರೆಯುವುದು ನಿಲ್ಲಿಸಿದ.
"ಸತ್ತಿಲ್ಲ," ಅಂದಳು. "ಆದರೆ ಒಡಕು ದನಿ."
ನನ್ನ ಕಿವಿಗೆ ಎರಡೂ ಒಂದೇ.
ಮತ್ತೆ ಅಂಥದೊಂದು ಕಲಂ ನನ್ನ ಪುಸ್ತಕದಲ್ಲಿರಲಿಲ್ಲ.

ಕೊರೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನ ಎರಡು.
ಅಡ್ಡಕ್ಕೆ ಅರ್ಧದವರೆಗೆ ಬಿರುಕು,
ಬಿರುಕಿನಲ್ಲಿ ಚಹಾದ ಬಣ್ಣದ ಹಳೇ ತುಕ್ಕು.
ಉಳಿದರ್ಧ
ಈಗಷ್ಟೇ ಮುರಿದ, ಬೆಳ್ಳಗೆ ಹೊಳೆಯುವ ಲೋಹ.
ಡೆಲ್ಬರ್ಟ್ ಅದನ್ನು ಬೆರಳ ಸಂದಿಯಲ್ಲಿ ಹೊರಳಿಸಿದ,
ಜೇಬಿಗೆ ಹಾಕಿಕೊಂಡ, ಮನೆಗೆ ಹೋದ.
ಫ್ಲಾಸ್ಕಿನ ಸೂಪು ಬೆಂಚಿನ ಮೇಲೇ ಉಳಿಯಿತು.
ಇನ್ನು ಈತ ಬರಲಾರ, ಅಂದ ಲೋಥರ್.
ನಾನೂ ಹಾಗೇ ಅಂದುಕೊಂಡೆ.

ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು
ಶೆಡ್ಡಿನ ದೀಪ ಹಚ್ಚಿದ್ದ.
ಸ್ಟೂಲು ಒಂದನೇ ಸಾಲಿನ ಪಕ್ಕದಲ್ಲಿತ್ತು.
"ಮೊದಲಿನಿಂದ," ಅಂದ, ಕಿವುಡರ ದೊಡ್ಡ ದನಿಯಲ್ಲಿ,
"ನಾನು ಸರಿ ಅಂದದ್ದನ್ನೆಲ್ಲ."

ಆರು ಶನಿವಾರ.
ಪುಸ್ತಕದಲ್ಲಿ ಸ್ಕೇಲಿಟ್ಟು ಒಂದು ಗೆರೆ ಎಳೆದೆ, ಹೊಸ ಕಲಂ.
ಅದರಲ್ಲಿ ಬಿದ್ದವು ಹನ್ನೊಂದು.
ಎರಡರಲ್ಲಿ ಅವಳೂ ತಪ್ಪಿದ್ದಳು, ಅದನ್ನೂ ಬರೆದೆ.

ಜೂನಿನಲ್ಲಿ ರೈಲು ಓಡುತ್ತದೆ: ಮೂರು ಮೈಲಿ,
ಜೋಳದ ಗೋದಾಮಿನ ತನಕ.
ಎಂಜಿನ್ ತಿರುಗಿಸಲು ಅಲ್ಲಿ ಜಾಗವಿಲ್ಲ,
ಹಿಮ್ಮುಖವಾಗಿಯೇ ಮೂರು ಮೈಲಿ ವಾಪಸು.
"ಇದು ಎಲ್ಲಿಗೆ ಹೋಗುತ್ತೆ?" ಕೇಳುತ್ತಾರೆ ಬಂದವರು.
"ಇಲ್ಲಿಗೇ," ಅನ್ನುತ್ತೇನೆ, ಚಿಲ್ಲರೆ ಎಣಿಸುತ್ತ.
ಮಕ್ಕಳಿಗೆ ಬೇಕಾದದ್ದು ಸೀಟಿ.
ಬೋಲ್ಟಿನ ಬಗ್ಗೆ ಈವರೆಗೆ ಯಾರೂ ಕೇಳಿಲ್ಲ.

ಹದಿನೆಂಟು ತುಂಬದೆ ಎಂಜಿನ್ ಹತ್ತುವಂತಿಲ್ಲ, ಅದು ನಿಯಮ.
ಹಾಗಾಗಿ ಪಾ ನಿಯಾ ಟಿಕೆಟಿಗೆ ತೂತು ಹೊಡೆಯುತ್ತಾಳೆ,
ಕೊಟ್ಟವರ ಮುಖ ನೋಡದೆ,
ತಲೆ ಒಂದಿಷ್ಟು
ಎಂಜಿನ್ನಿನ ಕಡೆಗೆ ಓರೆ.