ನಲವತ್ತು ನಿಂಬೆಹಣ್ಣು

ಶಿಡ್ಲಘಟ್ಟದಲ್ಲಿ ನದಿಯಿಲ್ಲ.
ಇರುವ ನೀರೆಲ್ಲ ಬೇಸಿನ್ನಿನಲ್ಲಿ ಕುದಿಯುತ್ತದೆ,
ಗೂಡು ಅದರಲ್ಲಿ ಹೊರಳುತ್ತದೆ.
ಚರಕದ ಆಚೆ ಬದಿಗೆ ಜೈತೂನ್‌ಬಿ, ಈಚೆಗೆ ನಾನು.
ಎಳೆ ಕಡಿದಾಗೆಲ್ಲ ಆಕೆ
ಹಡಗು ಹತ್ತುತ್ತಾಳೆ.

ಹಜ್ ಹೇಗಿತ್ತೆಂದು ಕೇಳಿದವರಿಗೆಲ್ಲ
ಹಡಗಿನದ್ದೇ ಹೇಳುತ್ತಾಳೆಂದು
ಸೊಸೆಗೆ ನಾಚಿಕೆ.
ಜಮ್‌ಜಮ್ ನೀರಿಗೆ ಬಂದಿದ್ದ ಹೆಂಗಸರು
ಕಕ್ಕಸಿನ ಸಾಲಿನ ಉದ್ದ ಕೇಳಿಕೊಂಡು ಹೋದರಂತೆ.

ಒಂಬತ್ತು ವರ್ಷ ಕೂಡಿಟ್ಟದ್ದು ಹುಳದ ಕಾಸು:
ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳ,
ಎಣ್ಣೆಯವರು ಡಬ್ಬಕ್ಕಿಷ್ಟು ಅಂತ ಕೊಂಡದ್ದು.
ಅದರ ವಾಸನೆ ನೋಟಿಗೂ ಹತ್ತಿ
ಬೊಂಬಾಯಿಯ ಗುಮಾಸ್ತ ಮೂಗು ಮುಚ್ಚಿಕೊಂಡೇ
ಚೀಟಿ ಹರಿದುಕೊಟ್ಟ.
ಎಲ್ಲಕ್ಕಿಂತ ಕೆಳಗಿನ ಅಂತಸ್ತು. ಕಿಟಕಿಯಿಲ್ಲ.
ಗಂಡ ಮಸ್ತಾನ್ ಸಾಬ್ ಅತ್ತ, ಗಂಡಸರ ಕಡೆ;
ಊಟದ ಗಂಟೆಗೆ ಮಾತ್ರ ಮುಖ.

"ಕಬ್ಬಿಣದ ಮಂಚ, ಒಂದರ ಮೇಲೊಂದು ಮೂರು.
ನೋಡಿದ ಕೂಡಲೆ ನಗು ಬಂತು ಕಣಮ್ಮಾ,
ನಮ್ಮಪ್ಪನ ಹುಳದ ಮನೆ!
ತಟ್ಟೆ ಮೇಲೆ ತಟ್ಟೆ, ತಟ್ಟೆ ಮೇಲೆ ತಟ್ಟೆ,
ಒಬ್ಬರ ಉಸಿರು ಇನ್ನೊಬ್ಬರ ಬೆನ್ನಿಗೆ.
ಸೊಪ್ಪು ಹಾಕೋರೇ ಇರಲಿಲ್ಲ, ಅಷ್ಟೆ."

ಅವಳ ಲೆಕ್ಕದಲ್ಲಿ ದಿನಗಳಿಲ್ಲ, ಜ್ವರಗಳಿವೆ.
ಒಂದನೇ ಜ್ವರ: ಬೊಂಬಾಯಿ ಕಾಣದಾದದ್ದು.
ಎರಡನೇದು: ಇಡೀ ಅಂತಸ್ತಿಗೆ ವಾಂತಿ.
ಅನ್ನ ಬಿಟ್ಟು, ತಲೆ ಎತ್ತಿ, ಅಲುಗದೆ ಕೂತ ಜನ.
"ನಮ್ಮ ಮೇಲೂ ಸುಣ್ಣ ಉದುರಿಸಬೇಕಿತ್ತು."

ಆಗ ಬಿಚ್ಚಿದಳು ಚೀಲ,
ಚಿಂತಾಮಣಿ ಸಂತೆಯ ನಲವತ್ತು ನಿಂಬೆಹಣ್ಣು.
ಒಂದಕ್ಕೆ ಒಂದು ಲೋಟ ಸಿಹಿನೀರು.
ಎರಡಕ್ಕೆ ನಲ್ಲಿಯ ಸಾಲಿನಲ್ಲಿ ಹದಿನಾಲ್ಕು ಜನರ ಮುಂದೆ.
ಮೂರಕ್ಕೆ, ಮೇಲಿನ ಅಂತಸ್ತಿನ ಹೈದರಾಬಾದಿನ ಬೇಗಂ
ತನ್ನ ದುಂಡು ಕಿಟಕಿಯ ಮುಂದೆ ನಿಲ್ಲಗೊಟ್ಟಳು,
ತಸ್ಬಿ ಒಂದು ಸುತ್ತು ಮುಗಿಯುವ ತನಕ.

ಏನು ಕಂಡಿರಿ?
"ನೀರು."
ಅಷ್ಟೇನಾ?
"ಮೂರು ನಿಂಬೆಹಣ್ಣಿನ ನೀರು."

ಮೂರನೇ ಜ್ವರದಲ್ಲಿ ಎದುರು ಮಂಚದಾಕೆ ಎದ್ದು ಕೂತಳು.
ಮುರ್ಶಿದಾಬಾದಿನ ಕಡೆಯವಳು.
ಇವಳ ಮಾತು ಅವಳಿಗೆ ಹತ್ತದು, ಅವಳದು ಇವಳಿಗೆ.
ಹೋಳು ಕೊಡಲು ಚಾಚಿದ ಕೈಯನ್ನು
ಹಿಡಿದು, ತಿರುಗಿಸಿ, ದೀಪಕ್ಕೆ ಒಡ್ಡಿ ನೋಡಿದಳು:
ಬೆಂದು, ನೆನೆದು, ಗೆರೆ ಅಳಿಸಿಹೋದ ಬೆರಳ ತುದಿ.
ಆಮೇಲೆ ತನ್ನ ಕೈಯನ್ನು ಅದರ ಪಕ್ಕಕ್ಕಿಟ್ಟಳು.

ಅದೇ ಬೆರಳು.
ಅದೇ ಕುದಿನೀರು, ದೇಶದ ಆ ತುದಿಯಲ್ಲೆಲ್ಲೋ.

ಅವಳು ಗಾಳಿಯಲ್ಲಿ ಎಳೆಯ ತುದಿ ಹುಡುಕಿ ಕೊಟ್ಟಳು,
ಇವಳು ಗಾಳಿಯಲ್ಲೇ ಚರಕ ತಿರುಗಿಸಿದಳು.
ಸುತ್ತ ನಾನೂರು ಗೊರಕೆ, ಕಾಲಡಿಗೆ ಇಂಜಿನ್ನು,
ಬೆಳಗಿನ ಬಾಂಗಿನವರೆಗೆ
ಇಲ್ಲದ ರೇಷ್ಮೆ ಸುತ್ತಿದರು.

ಹೆಸರು?
"ಕೇಳಿದ್ದೆ. ಮರೆತೆ.
ಜಿದ್ದಾದಲ್ಲಿ ಇಳಿವಾಗ ಜನ ನುಗ್ಗಿದರು ನೋಡು,
ಕಡಿದುಹೋಯ್ತು."

ನಾಲ್ಕನೇ ಜ್ವರದ ವಿಷಯ ಹೇಳುವುದಿಲ್ಲ.
ಕೇಳಿದರೆ, ನಾಲ್ಕನೇ ಜ್ವರ ಎದ್ದ ಮೇಲೆ
ಹುಳಕ್ಕೆ ಹಸಿವೊಂದೇ ಗೊತ್ತು ಅನ್ನುತ್ತಾಳೆ.

ಮೊನ್ನೆ ಮೊಮ್ಮಗ ಜಬೀವುಲ್ಲಾ
ವಿಮಾನದಲ್ಲಿ ಉಮ್ರಾ ಮುಗಿಸಿ ಬಂದ.
ಖರ್ಜೂರ ಪಕ್ಕಕ್ಕಿಟ್ಟು, ದಾರಿ ಹೇಗಿತ್ತು ಅಂದಳು.
ನಿದ್ದೆ ಬಂದುಬಿಟ್ಟಿತ್ತು ದಾದಿಮಾ.
"ಪಾಪ" ಅಂದಳು, ನಿಜವಾಗಿ ಮರುಗಿ.

ಎಳೆ ಕಡಿಯಿತು.
ಕುದಿವ ನೀರಿಗೆ ಬೆರಳದ್ದಿ ಹುಡುಕುತ್ತಾಳೆ.
ಈಚೆ ಬದಿಯಲ್ಲಿ ನಾನು
ನನ್ನ ಬೆರಳು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತೇನೆ.
ಎರಡರಲ್ಲಿ ಇನ್ನೂ ಗೆರೆಗಳಿವೆ.