ಒಂದೂವರೆಯ ಸದ್ದು

ಬಾಯಿ ಇನ್ನೂ ಸ್ವಲ್ಪ ತೆರೆಯಿರಿ, ಆರ್ವಿದ್.
ಕಿರುನಾದ ಗಣಿಯೊಳಗೆ ಮೂವತ್ತೊಂದು ವರ್ಷ
ಕಬ್ಬಿಣದ ಬಂಡೆಗೆ ಬೈರಿಗೆ ಒತ್ತಿದ ಕೈ
ಈಗ ಕುರ್ಚಿಯ ತೋಳು ಹಿಡಿದಿದೆ,
ಗೆಣ್ಣು ಬೆಳ್ಳಗೆ.

"ಕೊರೆಯುವುದು ಬೇಡ" ಅಂದಿರಿ ಬಾಗಿಲಲ್ಲೇ,
ಟೊಪ್ಪಿಗೆಯ ಹಿಮ ಕೊಡವುವ ಮೊದಲೇ.
"ಆ ಸದ್ದು ನನಗೆ ಗೊತ್ತು. ಕಲ್ಲಿನ ಕಡೆಯಿಂದ
ಅದು ಹೇಗೆ ಕೇಳಿಸುತ್ತದೋ, ತಿಳಿಯುವ ಆಸೆಯಿಲ್ಲ."

ಕೊರೆಯುವುದಿಲ್ಲ. ಇದೋ, ಪೆನ್ನಿನಷ್ಟು ದಪ್ಪದ ಕೋಲು.
ಕಾಣುವ ಕೆಂಪು ಚುಕ್ಕಿ ಬರೀ ದಾರಿ ತೋರುವ ಆಳು;
ಕೆಲಸದ ಬೆಳಕು ಅದರ ಹಿಂದೆ, ಕಣ್ಣಿಗೆ ಸಿಗದು.
ಕನ್ನಡಕ ಹಾಕಿಕೊಳ್ಳಿ. ನೋವಾದರೆ ಎಡಗೈ ಎತ್ತಿ.

ಹುಳುಕಿಗೆ ನೀರು ಜಾಸ್ತಿ, ಗಟ್ಟಿ ಹಲ್ಲಿಗೆ ಕಮ್ಮಿ;
ಈ ಬೆಳಕಿಗೋ ತೀರದ ಬಾಯಾರಿಕೆ.
ಒದ್ದೆಯಿದ್ದಲ್ಲಿ ಹೊಕ್ಕು
ಹನಿಯೊಳಗಿನ ಹನಿಯನ್ನೂ ಸಿಡಿಸಿ
ಪಟ್, ಪಟ್,
ಮೆತ್ತಗಾದದ್ದನ್ನು ಎಬ್ಬಿಸಿಕೊಂಡು ಬರುತ್ತದೆ.
ಗಟ್ಟಿಯ ಹತ್ತಿರ ಅದರ ಹಸಿವು ಇಳಿಯುತ್ತದೆ.
ಆದರೂ ನಿಲ್ಲಿಸಬೇಕಾದವಳು ನಾನೇ.

ಈ ಸದ್ದೂ ನಿಮಗೆ ಗೊತ್ತಿರಬೇಕು.
ರಾತ್ರಿ ಒಂದೂವರೆಗೆ ಊರಿನಡಿ ನೀವು ಸಿಡಿಸುತ್ತಿದ್ದಿರಿ.
ನಮ್ಮ ಕಪಾಟಿನ ಬಟ್ಟಲುಗಳು ಒಂದಕ್ಕೊಂದು ತಾಗಿ
ಕಿಣಿ ಎನ್ನುತ್ತಿದ್ದವು. ಅಮ್ಮ ಮಗ್ಗುಲು ಬದಲಿಸಿ
"ಇವತ್ತಿನದು ಮುಗಿಯಿತು" ಎನ್ನುತ್ತಿದ್ದಳು, ನಿದ್ದೆಯಲ್ಲೇ.
ನನ್ನ ಕಡೆಯ ಹಾಲುಹಲ್ಲು ಬಿದ್ದ ವರ್ಷ
ಅಡುಗೆಮನೆಯ ಗೋಡೆಯಲ್ಲಿ ಕೂದಲೆಳೆಯ ಬಿರುಕು.
ಆಮೇಲೆ ಊರನ್ನೇ ಕಿತ್ತು ಪಕ್ಕಕ್ಕೆ ನೆಟ್ಟರು.
ನಮ್ಮ ಮನೆಯನ್ನು ನೆಡಲಿಲ್ಲ.

ನಿಮ್ಮ ಬೈರಿಗೆಗೆ
ಅದಿರು ಯಾವುದು, ಯಾರ ಅಂಗಳ ಯಾವುದು
ತಿಳಿಯುತ್ತಿರಲಿಲ್ಲ.
ಇದನ್ನು ಹೇಳುವುದಿಲ್ಲ ನಾನು.
ಬಾಯಿ ತುಂಬ ಹತ್ತಿ ಇಟ್ಟುಕೊಂಡವರ ಜೊತೆ
ಜಗಳ ಆಡಬಾರದು.

ಆಯಿತು. ಉಗುಳಿ.
ಎಡಗೈ ಒಮ್ಮೆಯೂ ಏಳಲಿಲ್ಲ, ನೋಡಿದಿರಾ?
"ಎಷ್ಟು ತೆಗೆದಿರಿ?"
ಸಾಸಿವೆ ಕಾಳಿನಷ್ಟು.
"ಉಳಿದದ್ದು?"
ಉಳಿದದ್ದು ನಿಮ್ಮದೇ.

ನಾಲಿಗೆಯಿಂದ ತಡವಿ ತಡವಿ ನೋಡುತ್ತೀರಿ,
ಹೊಸ ಸುರಂಗಕ್ಕೆ ಮೊದಲ ದಿನ ಇಳಿದವರಂತೆ.
ಕಿಟಕಿಯಾಚೆ ನಡುಹಗಲ ನೀಲಿ ಕತ್ತಲು,
ಸೂರ್ಯನಿಗೆ ಇನ್ನೂ ಎರಡು ವಾರ.
ಟೊಪ್ಪಿಗೆ ಎತ್ತಿಕೊಂಡವರು ನನ್ನ ಕೋಟಿನ ಹೆಸರನ್ನು
ಎರಡು ಸಲ ಓದುತ್ತೀರಿ:
"ನುಟ್ಟಿ... ನಿಮ್ಮ ಮನೆ ಯಾವ ಬೀದಿಯಲ್ಲಿತ್ತು?"

ನಾನು ಬೀದಿಯ ಹೆಸರು ಹೇಳುತ್ತೇನೆ.
ನೀವು ಆಳ ಹೇಳುತ್ತೀರಿ:
ಸಾವಿರದ ನಲವತ್ತೈದು ಮೀಟರ್.